ಬೀರಸಿದ್ದಪ್ಪನ ಕೆಲಸ

ಕುಲಗೋಡದ ಕುರುಬರ ಓಣಿಯಲ್ಲಿ ಒಲೆಯ ಮೇಲೆ ಹಾಲಿಟ್ಟು ಮರೆತವಳಿಗೂ, ಸಂತೆಗೆ ಹೊರಟು ಚೀಲ ಮನೆಯಲ್ಲೇ ಬಿಟ್ಟು ಬಂದವನಿಗೂ ಒಂದೇ ಮಾತು ಹೇಳುತ್ತಿದ್ದರು: ‘ಬೀರಸಿದ್ದಪ್ಪನ ಕೆಲಸಾ ಮಾಡಿದಿ ನೋಡ.’ ಹೇಳಿದವರು ನಗುತ್ತಿದ್ದರು, ಹೇಳಿಸಿಕೊಂಡವರೂ ನಗುತ್ತಿದ್ದರು. ಊರ ಬಾಯಿಗೆ ಮುಚ್ಚಳ ಮಾಡುವ ಕುಂಬಾರ ಇನ್ನೂ ಹುಟ್ಟಿಲ್ಲ. ಆದರೆ ನಿಜ ಗೊತ್ತಿದ್ದವರಿಗೆ ಆ ನಗೆ ಕೇಳಿದರೆ ಹೊಟ್ಟೆಯಲ್ಲಿ ಬೆಂಕಿ ಬೀಳಬೇಕು.

ಯಾಕೆಂದರೆ ಆ ಓಣಿಯಲ್ಲಿ ಬೀರಸಿದ್ದಪ್ಪನಷ್ಟು ಹುಷಾರಿನ ಗಂಡಸು ಇನ್ನೊಬ್ಬನಿರಲಿಲ್ಲ. ಸಂಜೆ ಕುರಿಗಳನ್ನು ಹಟ್ಟಿಗೆ ಕೂಡಿದ ಮೇಲೆ ಬೇಲಿಯ ಸುತ್ತ ಒಂದು ಸುತ್ತು ಬಂದು, ಮುಳ್ಳುಕಂಟಿ ಎಲ್ಲಿ ಸಡಿಲಾಗಿದೆ ಎಂದು ಕೈಯಿಂದಲೇ ಮುಟ್ಟಿ ನೋಡುವವನು. ಮನೆಯಿಂದ ಹೊರಬಿದ್ದು ಹತ್ತು ಹೆಜ್ಜೆ ಹೋದವನು ತಿರುಗಿ ಬಂದು ಒಲೆಯಲ್ಲಿ ಕೆಂಡ ಉಳಿದಿದೆಯೇ ಎಂದು ಇಣುಕುವವನು. “ನಿನ್ನ ಗಂಡ ಉಗುಳಾಕೂ ಎರಡ ಸಲ ಹಿಂದ ಮುಂದ ನೋಡತಾನಲ್ಲವಾ” ಎಂದು ನೆರೆಮನೆಯ ಶೆಟ್ಟೆವ್ವ ಬಾಳವ್ವನನ್ನು ಕಾಡುತ್ತಿದ್ದಳು. ಬಾಳವ್ವ ಬೀರಸಿದ್ದಪ್ಪನ ಹೆಂಡತಿ. ಇದು ಅವಳ ಕಥೆ.

ಮನೆಯಲ್ಲಿದ್ದವರು ಮೂರೇ ಜನ. ಗಂಡ, ಹೆಂಡತಿ, ಗಂಡನ ತಾಯಿ ಕಾಶೆವ್ವ. ಮಕ್ಕಳಾಗಿರಲಿಲ್ಲ. ನಲವತ್ತು ಚಿಲ್ಲರೆ ಕುರಿ, ಒಂದು ನಾಯಿ, ಒಂದು ಬಂದೂಕು. ಆ ಬಂದೂಕು ಕಾಶೆವ್ವನ ಜೊತೆಗೇ ಆ ಮನೆಗೆ ಬಂದದ್ದು. ಅವಳ ತವರು ಹುಕ್ಕೇರಿ ಕಡೆಯ ನಿಡಸೋಸಿ. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ; ಮದುವೆಯಲ್ಲಿ ಅಳಿಯನ ಕೈಗೆ ತನ್ನ ಬಂದೂಕು ಕೊಟ್ಟು, “ಇಕಿನೂ ನನ್ನ ಮಗಳ, ಇಬ್ಬರನ್ನೂ ಛಂದಂಗ ನೋಡ್ಕೋ” ಅಂದಿದ್ದನಂತೆ. ಅಂದಿನಿಂದ ಕಾಶೆವ್ವನಿಗೆ ಅದು ಬಂದೂಕಲ್ಲ, ತವರಿನಿಂದ ಕೂಡಿ ಬಂದ ತಂಗಿ. ನಳಿಗೆಯ ಬಾಯಿಂದ ಮದ್ದು ಸುರಿದು, ಸೀಸದ ಚರೆ ಹಾಕಿ, ಗಜವೆಂಬ ಕಬ್ಬಿಣದ ಸರಳಿನಿಂದ ಜಡಿದು, ಹಿಂದೆ ಒಂದು ಸಣ್ಣ ತಾಮ್ರದ ಕೇಪು ಇಟ್ಟು, ಅದರ ಮೇಲೆ ಬಡಿಯುವ ಕೊಕ್ಕೆಯಾದ ಕುದುರೆ ಬಿಟ್ಟರೆ ಹಾರುವ ಹಳೆಯ ಕಾಲದ ಸಾಮಾನು ಅದು. ತೋಳ ಓಡಿಸಲು ಅಷ್ಟು ಸಾಕಿತ್ತು.

ರಾಜ್ಯ ಒಂದಾಗಿ ಬೆಳಗಾವಿ ಜಿಲ್ಲೆ ಮೈಸೂರಿಗೆ ಸೇರಿದ ಮರುವರ್ಷ ತಾಲೂಕಿನ ಊರಾದ ಗೋಕಾವಿಗೆ ಹೊಸ ಸಾಹೇಬ ಬಂದ. ಬಂದವನು ಸುಮ್ಮನಿರಬೇಕಲ್ಲ, ಬಂದೂಕಿನ ಲೈಸನ್ಸು ಹೊಸದು ಮಾಡಿಸುವವರೆಲ್ಲ ತನ್ನೆದುರು ನಿಂತು ಪರೀಕ್ಷೆ ಕೊಡಬೇಕೆಂದು ಹುಕುಂ ಹೊರಡಿಸಿದ. ಬಂದೂಕು ಹಿಡಿಯುವವನು ತನಗೂ ಪರರಿಗೂ ಅಪಾಯವಾಗದಂತೆ ಹೇಗಿರಬೇಕು ಎಂಬ ಹತ್ತು ನೇಮಗಳನ್ನು ಒಂದು ಹಾಳೆಯಲ್ಲಿ ಬರೆಸಿ ಊರೂರಿಗೆ ಕಳಿಸಿದ. ಅವನ್ನು ತಪ್ಪದೆ ಹೇಳಿದವನಿಗೆ ಲೈಸನ್ಸು, ತಪ್ಪಿದವನ ಬಂದೂಕು ಸರಕಾರಕ್ಕೆ. ಓದು ಬಾರದ ಕುರುಬರು ತಲೆ ಮೇಲೆ ಕೈ ಹೊತ್ತರು. “ತ್ವಾಳಕ್ಕೂ ಒಂದ ಪರೀಕ್ಷಾ ಇಡರಿ, ಪಾಸ ಆದದ್ದ ಅಷ್ಟ ಹಟ್ಟಿಗಿ ಬರಲಿ” ಎಂದು ಬೀರಸಿದ್ದಪ್ಪನ ದೊಡ್ಡಪ್ಪನ ಮಗ ಕಲ್ಲಪ್ಪ ಚಾವಡಿಯಲ್ಲಿ ಎಲ್ಲರನ್ನೂ ನಗಿಸಿದ.

ಬೀರಸಿದ್ದಪ್ಪ ನಗಲಿಲ್ಲ. ಅವನಿಗೆ ಆ ಹಾಳೆ ಬಹಳ ಮನಸ್ಸಿಗೆ ಬಂತು. ಜನ್ಮವೆಲ್ಲ ತಾನೊಬ್ಬನೇ ಹುಚ್ಚನ ಹಾಗೆ ಹಿಂದೆ ಮುಂದೆ ನೋಡುತ್ತಿದ್ದೇನೆ ಅಂದುಕೊಂಡವನಿಗೆ, ಸರಕಾರವೂ ತನ್ನ ಹಾಗೇ ಇದೆ ಎಂದು ಗೊತ್ತಾಗಿ ಸಂತೋಷವಾಗಿತ್ತು. ಸಾಲಿಯ ಅಪ್ಪಣ್ಣ ಮಾಸ್ತರರ ಹತ್ತಿರ ದಿನಕ್ಕೊಂದು ನೇಮ ಹೇಳಿಸಿಕೊಂಡು ಬರುವುದು, ಮುಂಜಾನೆ ಬಾಳವ್ವ ರೊಟ್ಟಿ ಬಡಿಯುವಾಗ ಎದುರಿಗೆ ಕೂತು ಗಟ್ಟಿಯಾಗಿ ಒಪ್ಪಿಸುವುದು.

“ಒಂದನೇ ನೇಮ. ಬಂದೂಕು ಖಾಲಿ ಇದೆಯೆಂದು ಗೊತ್ತಿದ್ದರೂ ತುಂಬಿದೆಯೆಂದೇ ತಿಳಿಯತಕ್ಕದ್ದು. ಎರಡನೇ ನೇಮ. ಮನೆಯೊಳಗೆ ಬಂದೂಕನ್ನು ತುಂಬಿ ಇಡತಕ್ಕದ್ದಲ್ಲ. ಮೂರನೇ ನೇಮ. ನಳಿಗೆಯ ಬಾಯಿ ಯಾವ ಮನುಷ್ಯನ ಕಡೆಗೂ...”

“ರೊಟ್ಟಿ ಆರತೈತ್ರಿ” ಎನ್ನುತ್ತಿದ್ದಳು ಬಾಳವ್ವ.

“ಆರಲಿ ತಡಿ. ಯಾವ ಮನುಷ್ಯನ ಕಡೆಗೂ ಇರತಕ್ಕದ್ದಲ್ಲ. ಆತಲ್ಲ? ಒಂದ ಅಕ್ಷರ ತಪ್ಪಿತೇನ?”

“ನನಗೇನ ಗೊತ್ತರಿ, ಅಕ್ಷರ ಅಂದ್ರ ಕರೇದೋ ಬಿಳೇದೋ.”

ಹಾಗೆಂದಳೇ ಹೊರತು ಹತ್ತೂ ನೇಮಗಳು ಅವಳಿಗೆ ಅವನಿಗಿಂತ ಮೊದಲೇ ಬಾಯಿಗೆ ಬಂದಿದ್ದವು. ರೊಟ್ಟಿ ಬಡಿಯುವ ಸಪ್ಪಳಕ್ಕೆ ಸರಿಯಾಗಿ ಅವು ಅವಳೊಳಗೆ ಕೂತುಬಿಟ್ಟಿದ್ದವು. ಅವನು ಏಳನೆಯದರಲ್ಲಿ ತಡವರಿಸಿದರೆ ಅವಳ ಕೈ ಹಿಟ್ಟಿನ ಮೇಲೆ ತಾನಾಗಿ ನಿಲ್ಲುತ್ತಿತ್ತು.

ದಸರೆ ಬಂತು. ಪರೀಕ್ಷೆ ದಸರೆ ಮುಗಿದ ನಾಲ್ಕನೆಯ ದಿನಕ್ಕಿತ್ತು. ಖಂಡೇಪೂಜೆಗೆ ಆ ಮನೆಯಲ್ಲಿ ಒಂದು ಪದ್ಧತಿ. ಕುಡಗೋಲು, ಕೊಡಲಿ, ಕುರಿಗಳ ಉಣ್ಣೆ ಕತ್ತರಿಸುವ ಕತ್ತರಿ, ಎಲ್ಲವನ್ನೂ ತೊಳೆದು ಮಣೆಯ ಮೇಲಿಟ್ಟು, ನಟ್ಟನಡುವೆ ಕಂಬಳಿ ಹಾಸಿ ಬಂದೂಕು ಮಲಗಿಸುವುದು. ಮಲಗಿಸುವ ಮೊದಲು ಅದನ್ನು ತುಂಬುವುದು. ತವರಿಂದ ಬಂದ ಹೆಣ್ಣುಮಗಳನ್ನು ಹಬ್ಬದ ದಿನ ಬರಿ ಉಡಿಯಲ್ಲಿ ಕೂಡಿಸುತ್ತಾರೆಯೇ? ಅಕ್ಕಿ, ಕೊಬ್ಬರಿ, ಅಡಿಕೆ ಹಾಕಿ ಉಡಿ ತುಂಬುವುದಿಲ್ಲವೇ? ಹಾಗೆ ಬಂದೂಕಿಗೆ ಮದ್ದು, ಚರೆ. ಕಾಶೆವ್ವನ ಲಗ್ನವಾದಾಗಿನಿಂದ ಒಂದು ವರ್ಷವೂ ಇದು ತಪ್ಪಿರಲಿಲ್ಲ. ಮರುದಿನ ಸೀಮೆ ದಾಟಿ ಬನ್ನಿ ಮುಡಿಯಲು ಹೋದಾಗ ಆ ಗುಂಡು ಆಕಾಶಕ್ಕೆ ಹಾರಿಸಿ ಬರುವುದು.

ಆ ವರ್ಷ ಬೀರಸಿದ್ದಪ್ಪ ಬಂದೂಕು ತೊಳೆದು, ಒರೆಸಿ, ಖಾಲಿಯನ್ನೇ ಮಲಗಿಸಿದ.

“ಉಡಿ ತುಂಬಲಿಲ್ಲಲ್ಲೋ ಯಪ್ಪಾ” ಅಂದಳು ಕಾಶೆವ್ವ.

“ಇನ್ನ ಮ್ಯಾಲೆ ಇಲ್ಲಬೇ. ಎರಡನೇ ನೇಮ. ಮನೀವಳಗ ತುಂಬಿ ಇಡೂದಿಲ್ಲ ಅಂತ ಸಾಹೇಬನ ಮುಂದ ಹೇಳಾಂವ ನಾನ. ಹೇಳೂದೊಂದು, ಮಾಡೂದೊಂದು ಆದ್ರ ಅದು ಮನಷ್ಯಾನ ಬಾಳೇವೇನ?”

“ಸಾಹೇಬನ ಮನಿ ದೇವರು ಬ್ಯಾರೆ, ನಮ್ಮ ಮನಿ ದೇವರು ಬ್ಯಾರೆ.”

“ದೇವರು ಸಿಟ್ಟ ಮಾಡಿದ್ರ ನನ್ನ ಮ್ಯಾಲೆ ಮಾಡಲಿ” ಎಂದು ಹೇಳಿ, ಹೆಗಲಿಗೆ ಪಂಚೆ ಹಾಕಿ ಜಳಕಕ್ಕೆ ಹಳ್ಳಕ್ಕೆ ಹೋದ.

ಕಾಶೆವ್ವ ಮಣೆಯ ಮುಂದೆ ಕೂತವಳು ಏಳಲಿಲ್ಲ. ಅವಳ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಕೈಯಿಂದ ಬಂದೂಕನ್ನು ಸವರಿದಳು, ಬಸುರಾಗದ ಸೊಸೆಯ ಕಡೆಗೆ ಒಮ್ಮೆ ತಿರುಗಿದಳು. “ಬರಿ ಉಡೀಲೆ ಮಲಗ್ಯಾಳ ನೋಡ. ಮನಿ ಬರಿದಾಗತೈತಿ ಬಾಳವ್ವಾ. ಮೊದಲs ಬರಿದೈತಿ. ಅವಗೇನೂ ಹೇಳೂದ ಬ್ಯಾಡ, ದೇವರಿಗಿ ಗೊತ್ತಾದ್ರ ಸಾಕ. ನನಗ ಕಣ್ಣ ಕಾಣೂದಿಲ್ಲ. ನೀ ತುಂಬ.”

ಬಾಳವ್ವ ಹಿಂಜರಿದಳು, ಖರೆ. ಎರಡನೇ ನೇಮ ಅವಳ ನಾಲಿಗೆಯ ತುದಿಯಲ್ಲಿತ್ತು. ಆದರೆ ಮನೆ ಬರಿದು ಎಂಬ ಮಾತು ಹನ್ನೊಂದು ವರ್ಷದಿಂದ ಅವಳ ಎದೆಗೆ ಚುಚ್ಚಿಕೊಂಡೇ ಇತ್ತು. ಅದರ ಮುಂದೆ ಸಾಹೇಬನ ನೇಮ ಯಾವ ಲೆಕ್ಕ? ಗಂಡ ತುಂಬುವುದನ್ನು ನೂರು ಸಲ ನೋಡಿದ್ದಳು. ಮದ್ದು ಸುರಿದಳು, ಚರೆ ಹಾಕಿದಳು, ನಾರು ತುರುಕಿ ಗಜದಿಂದ ಜಡಿದಳು. ಮುಗಿಯಿತು ಎಂದು ಕೈ ಒರೆಸಿಕೊಂಡಾಗ ಅತ್ತೆ ಕೇಳಿದಳು, “ಕೇಪ ಇಟ್ಟೆ?”

“ಕೇಪ ಯಾಕ್ರಿ ಅತ್ತಿ, ನಾಳೆ ಹಾರಸೂ ಮುಂದ...”

“ಕುಂಕಮಾ ಇಲ್ಲದ ಉಡಿ ಯಾರರ ತುಂಬತಾರೇನ?”

ಅವಳು ಕೇಪನ್ನೂ ಇಟ್ಟು, ಹಣೆಗೆ ಕುಂಕುಮ ಇಟ್ಟಷ್ಟೇ ಮೆಲ್ಲಗೆ ಕುದುರೆಯನ್ನು ಅದರ ಮೇಲೆ ಇಳಿಸಿದಳು. ಇಳಿದ ಕುದುರೆಯ ಕೆಳಗೆ ಕೇಪು ಕಾಣದಾಯಿತು. ಮೇಲೆ ಎಣ್ಣೆ, ಭಂಡಾರದ ಅರಿಶಿನಪುಡಿ, ಹೂವು ಏರಿಸಿದರು. ಬೀರಸಿದ್ದಪ್ಪ ಬಂದು ಅಡ್ಡಬಿದ್ದು ಪೂಜೆ ಮಾಡಿದ. ಬನ್ನಿಗೆ ಹೋಗುವ ಹೊತ್ತಿಗೆ ಹೇಳಿದರಾಯಿತು, ಒಂದು ಸಣ್ಣ ಜಗಳ ಮಾಡಿ ಹಾರಿಸಿ ಬರುತ್ತಾನೆ ಅಂದುಕೊಂಡಿದ್ದಳು ಬಾಳವ್ವ. ಅತ್ತೆಯೂ ಹಾಗೇ ಅಂದುಕೊಂಡಿದ್ದಳು.

ಬನ್ನಿಯ ದಿನ ಮುಂಜಾನೆ ಇಬ್ಬರೂ ಹಿತ್ತಲಲ್ಲಿದ್ದರು. ಬೀರಸಿದ್ದಪ್ಪ ಮಣೆಯಿಂದ ಬಂದೂಕು ಎತ್ತಿಕೊಂಡು ಅಂಗಳಕ್ಕೆ ತಂದ. ಎಣ್ಣೆ ಭಂಡಾರ ಸೇರಿ, ಕೇಪು ಕೂಡುವ ಹಿಂದಿನ ತೂತಿನ ಸುತ್ತ ಕೆಸರಾಗಿತ್ತು; ಕೇಪೂ ಅದರಲ್ಲಿ ಮುಚ್ಚಿಹೋಗಿತ್ತು. ಕುರುಬರೆಲ್ಲ ಮಾಡುವುದು ಒಂದೇ ರೀತಿ: ಬಂದೂಕಿನ ಬುಡ ನೆಲಕ್ಕೂರಿ, ಕಾಲ ಹೆಬ್ಬೆರಳಿನಿಂದ ಕುದುರೆಯನ್ನು ಹಿಂದಕ್ಕೆ ಹಿಡಿದು, ನಳಿಗೆಗೆ ಬಾಯಿ ಇಟ್ಟು ಊದುವುದು. ಗಾಳಿ ಹಿಂದಿನಿಂದ ಹೊರಬಿದ್ದರೆ ತೂತು ಸ್ವಚ್ಛ ಎಂದರ್ಥ. ಅಪ್ಪ ಊದಿದ್ದ, ಅಜ್ಜ ಊದಿದ್ದ, ಕಲ್ಲಪ್ಪನೂ ಊದುತ್ತಾನೆ. ಮತ್ತು ಬಂದೂಕು ಖಾಲಿ ಇತ್ತಲ್ಲ. ಬೇರೆಯವರು ಖಾಲಿ ಅಂದರೆ ನಂಬುವವನಲ್ಲ ಅವನು. ಆದರೆ ಇದನ್ನು ಖಾಲಿ ಇಟ್ಟವನು ಅವನೇ. ಎಣ್ಣೆ ಹತ್ತಿದ ಕುದುರೆ ಬೆರಳಿನಿಂದ ಜಾರಿತು.

ಆ ದಿನ ಊರೆಲ್ಲ ಬನ್ನಿ ಹಂಚಿ ಬಂಗಾರದ ಹಾಗಿರೋಣ ಎಂದು ಹೇಳಿಕೊಳ್ಳುತ್ತಿತ್ತು. ಕುರುಬರ ಓಣಿಯಲ್ಲಿ ಮಾತ್ರ ಯಾರೂ ಯಾರಿಗೂ ಎಲೆ ಕೊಡಲಿಲ್ಲ.

ಗೋಕಾವಿಯಿಂದ ಫೌಜದಾರ ಬಂದು ಪಂಚನಾಮೆ ಮಾಡಿದ. ಬಂದೂಕು ತುಂಬಿದ್ದನ್ನು ಮರೆತು ಸತ್ತವನ ಸ್ವಂತ ಅಜಾಗರೂಕತೆಯಿಂದ ಆದದ್ದು ಎಂದು ಬರೆದು, ಪಂಚರ ಹೆಬ್ಬೆಟ್ಟು ಒತ್ತಿಸಿಕೊಂಡು, ಬಂದೂಕು ಒಯ್ದ. ಮಗ್ಗುಲ ಕೋಣೆಯಲ್ಲಿ ಇಬ್ಬರು ಹೆಂಗಸರೂ ಎಲ್ಲವನ್ನೂ ಕೇಳಿದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮೊದಲ ದಿನ ಬಾಯಿ ಬರಲಿಲ್ಲ, ಆ ಮೇಲೆ ಹೊತ್ತು ಮೀರಿತು. ಹೊತ್ತು ಮೀರಿದ ನಿಜ ಹಳಸಿದ ಅನ್ನದಂತೆ. ಯಾರ ಎಲೆಗೆ ಬಡಿಸಲಿ ಎಂದು ಕೈಯಲ್ಲಿ ಹಿಡಿದು ನಿಲ್ಲಬೇಕು. ತಿಂಗಳು ತುಂಬುವುದರೊಳಗೆ ಓಣಿಯಲ್ಲಿ ಆ ಮಾತು ಹುಟ್ಟಿಕೊಂಡಿತು: ಬೀರಸಿದ್ದಪ್ಪನ ಕೆಲಸ. ಬಾವಿಗೆ ಬಿದ್ದವನಿಗೆ ಆಳಿಗೊಂದು ಕಲ್ಲು.

ಚಳಿಗಾಲದಲ್ಲಿ ತೋಳ ಬಂದು ಎರಡು ಮರಿ ಒಯ್ದಿತು. ಹೋಳಿ ಹುಣ್ಣಿವೆಯ ಹೊತ್ತಿಗೆ ಮತ್ತೆ ಮೂರು. ನಾಯಿಯ ಕುತ್ತಿಗೆಯೂ ಹರಿದಿತ್ತು. ಕಲ್ಲಪ್ಪ ಬಂದು ಕಟ್ಟೆಯ ಮೇಲೆ ಕೂತ.

“ಗಂಡಸಿಲ್ಲದ ಹಟ್ಟಿ, ಬಂದೂಕಿಲ್ಲದ ಹಟ್ಟಿ. ನನ್ನ ಹಟ್ಟ್ಯಾಗ ಕೂಡಸ ಬಾಳವ್ವಾ. ಹುಟ್ಟಿದ ಮರ್‍ಯಾಗ ಅರ್ಧಾ ನಿಂದ, ಅರ್ಧಾ ನಂದ. ಮನೀ ಮಾತ ಮನ್ಯಾಗ.”

ಕಲ್ಲಪ್ಪ ಕೆಟ್ಟವನಲ್ಲ. ಆದರೆ ಒಮ್ಮೆ ಕೂಡಿದ ಹಿಂಡು ಮತ್ತೆ ಬೇರೆಯಾದದ್ದನ್ನು ಆ ಸೀಮೆಯಲ್ಲಿ ಯಾರೂ ಕಂಡಿಲ್ಲ. ಎರಡು ವರ್ಷ ಕಳೆದರೆ ತಾನೂ ಅತ್ತೆಯೂ ಅವನ ಅಂಗಳ ಕಸ ಹೊಡೆದು ಉಣ್ಣುವವರಾಗುತ್ತೇವೆ ಎಂದು ಬಾಳವ್ವನಿಗೆ ಕಣ್ಣಿಗೆ ಕಟ್ಟಿದಂತಿತ್ತು. “ಭಾವಾ, ಒಂದ ನಾಕ ತಿಂಗಳ ತಡೀರಿ” ಎಂದಳು. ಮರುದಿನ ಸೆರಗು ಹೊದ್ದು ಸಾಲಿಯ ಮುಂದೆ ಹೋಗಿ ನಿಂತಳು.

ಅಪ್ಪಣ್ಣ ಮಾಸ್ತರರು ಹೊರಗೆ ಬಂದರು. “ಏನವಾ?”

“ಮಾಸ್ತರ್ರಿ, ಆ ಬಂದೂಕಿನ ಪರೀಕ್ಷಾ ಹೆಂಗಸರು ಕೊಟ್ಟರ ನಡೀತೈತೇನ್ರಿ?”

ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹುಕುಮಿನಲ್ಲಿ ಗಂಡಸೇ ಆಗಬೇಕೆಂದು ಎಲ್ಲೂ ಇರಲಿಲ್ಲ. ಬರೆದವರಿಗೆ ಹಾಗೆ ಬರೆಯಬೇಕೆಂದು ಹೊಳೆದಿರಲಿಕ್ಕಿಲ್ಲ. “ನೇಮಾ ಹತ್ತ ಅದಾವು, ಬಾಯಿಪಾಠ ಮಾಡಬೇಕಾಗತೈತಿ” ಎಂದರು. ಬಾಳವ್ವ ಅಲ್ಲೇ ಬೇವಿನ ಗಿಡದ ಕೆಳಗೆ ನಿಂತು ಒಂದರಿಂದ ಹತ್ತರವರೆಗೆ ಹೇಳಿದಳು. ಒಂದಕ್ಷರ ತಪ್ಪಲಿಲ್ಲ. ಏಳನೆಯದರಲ್ಲಿ ಮಾತ್ರ ಸ್ವಲ್ಪ ತಡೆದಳು. ಅವನು ಅಲ್ಲಿ ತಡೆಯುತ್ತಿದ್ದನಲ್ಲ, ಅದೂ ಪಾಠದ ಜೊತೆಗೇ ಬಂದಿತ್ತು. ಮಾಸ್ತರರ ಕಣ್ಣು ಒದ್ದೆಯಾಯಿತು.

ಅರ್ಜಿ ಹೋಯಿತು. ಶ್ರಾವಣ ಮುಗಿದ ಮೇಲೆ ಕರೆ ಬರುವುದಿತ್ತು. ಅಷ್ಟರಲ್ಲಿ ಮಾಸ್ತರರು ತಮ್ಮ ಊರುಗೋಲನ್ನೇ ಬಂದೂಕು ಮಾಡಿ, ಹೇಗೆ ಹಿಡಿಯಬೇಕು, ಬೇಲಿ ದಾಟುವಾಗ ಹೇಗೆ ಕೆಳಗಿಡಬೇಕು, ಗಜ ಇಳಿಸಿ ಖಾಲಿಯೋ ತುಂಬಿದೆಯೋ ಹೇಗೆ ನೋಡಬೇಕು ಎಲ್ಲವನ್ನೂ ಮಾಡಿಸಿದರು. ಬೇಕಾದ್ದಕ್ಕಿಂತ ಚೆನ್ನಾಗಿ ಮಾಡಿದಳು. ಒಂದು ದಿನ ಮಾಸ್ತರರು ಹೇಳಿದರು:

“ಇವೆಲ್ಲಾ ಬರೂಬರಿ ಆತವಾ. ಆದ್ರ ಸಾಹೇಬ ಇನ್ನೊಂದ ಕೇಳತಾನ, ನಾ ಬರದ ಕೊಡತೇನಿ ಬೇಕಾದ್ರ. ‘ನಿನ್ನ ಗಂಡ ಯಾವ ತಪ್ಪ ಮಾಡಿ ಸತ್ತಾ?’ ಅಂತಾನ. ಆಗ ಸುಮ್ಮ ನಿಲ್ಲಬ್ಯಾಡ. ‘ಮನೆಯೊಳಗೆ ಬಂದೂಕು ತುಂಬಿಟ್ಟು, ತುಂಬಿದ್ದನ್ನು ಮರೆತರು’ ಅಂತ ಹೇಳ. ಅಷ್ಟ ಹೇಳಿದ್ರ ನೀ ತಿಳಕೊಂಡಾಕಿ ಅಂತ ಪಾಸ ಮಾಡತಾನ. ಎಲ್ಲಿ, ಹೇಳ ನೋಡೂಣು.”

ಬಾಳವ್ವ ಹೇಳಲಿಲ್ಲ. ಮಾಸ್ತರರು ಎರಡು ಸಲ ಹೇಳಿಕೊಟ್ಟರು. ಪಾಪ, ಅವರಿಗೇನು ಗೊತ್ತು. ಹತ್ತು ನೇಮ ತಪ್ಪದೆ ಹೇಳಿದವಳು ಈ ಒಂದು ಮಾತಿಗೆ ಊರುಗೋಲನ್ನು ಅವರ ಕೈಗೆ ಮರಳಿ ಕೊಟ್ಟಳು. ಗಂಡನ ನೆನಪಾಗಿರಬೇಕು ಎಂದು ಅವರು ಸುಮ್ಮನಾದರು.

ಆ ಸಂಜೆಯಿಂದ ಬಾಳವ್ವ ಅದನ್ನು ಒಬ್ಬಳೇ ಬಾಯಿಪಾಠ ಮಾಡಹತ್ತಿದಳು. ರೊಟ್ಟಿ ಬಡಿಯುವಾಗ, ಹಟ್ಟಿಯ ಗೊಬ್ಬರ ಬಳಿಯುವಾಗ, ‘ತುಂಬಿದ್ದನ್ನು ಮರೆತರು, ತುಂಬಿದ್ದನ್ನು ಮರೆತರು.’ ಒಂದು ಮುಂಜಾನೆ ಅವಳಿಗೆ ಅರಿವಿಲ್ಲದೆ ಮಾತು ಗಟ್ಟಿಯಾಗಿ ಹೊರಗೆ ಬಿತ್ತು. ಒಲೆಯ ಆಚೆ ಕೂತಿದ್ದ ಕಾಶೆವ್ವ ಕೈಯಲ್ಲಿನ ತುತ್ತನ್ನು ತಾಟಿಗೆ ಹಾಕಿ ಎದ್ದು ಹೋದಳು. ಆ ದಿನ ಅವಳು ಉಣ್ಣಲಿಲ್ಲ. ಆದರೂ, ಹೇಳಬೇಡ ಎಂದು ಅನ್ನಲಿಲ್ಲ. ಅದನ್ನು ನಾನು ಅವಳ ತಪ್ಪಿನ ಲೆಕ್ಕಕ್ಕೆ ಹಿಡಿಯಲಾರೆ. ಹಸಿವಿಗೆ ಹೆದರಿದ ಮುದುಕಿ, ಫೌಜದಾರನಿಗೆ ಹೆದರಿದ ಮುದುಕಿ.

ಪರೀಕ್ಷೆಯ ದಿನ ಕಾಶೆವ್ವ ತಾನೂ ಬರುತ್ತೇನೆ ಎಂದು ಹಟ ಹಿಡಿದು ಬಸ್ಸು ಹತ್ತಿದಳು. ಗೋಕಾವಿಯ ಕಚೇರಿಯ ಪಡಸಾಲೆಯಲ್ಲಿ ಹತ್ತಿಪ್ಪತ್ತು ಗಂಡಸರು ತುಟಿ ಅಲುಗಿಸುತ್ತ ಕೂತಿದ್ದರು. ಸಾಲಿಗೆ ಹೆದರಿ ಓಡಿದವರೆಲ್ಲ ಮೀಸೆ ಬೆಳ್ಳಗಾದ ಮೇಲೆ ಸಿಕ್ಕಿಬಿದ್ದಿದ್ದರು. ಕಲ್ಲಪ್ಪನೂ ಆ ವರ್ಷದ ತನ್ನ ಲೈಸನ್ಸು ಹೊಸದು ಮಾಡಿಸಲು ಬಂದಿದ್ದ. ನಾಲ್ಕನೇ ನೇಮವನ್ನು ಆರನೆಯದಕ್ಕೆ ಜೋಡಿಸಿ ಹೇಗೋ ಪಾರಾಗಿ, ಬೆವರು ಒರೆಸಿಕೊಳ್ಳುತ್ತ ಒಳಗಿನ ಕಟ್ಟಿಗೆಯ ಬಾಂಕಿನ ಮೇಲೆ ಸಹಿಗೆ ಕಾಯುತ್ತ ಕೂತಿದ್ದ.

ಬಾಳವ್ವನನ್ನು ಕರೆದರು. ಕಾಶೆವ್ವ ಬಾಗಿಲ ಚೌಕಟ್ಟು ಹಿಡಿದು ಹೊರಗೆ ನಿಂತಳು. ಸಾಹೇಬ ಮೈಸೂರು ಕಡೆಯವನು, ಮೃದು ಮಾತಿನ ಮನುಷ್ಯ. ಹತ್ತು ನೇಮ ಕೇಳಿದ. ಅವಳು ಹೇಳುತ್ತ ಹೋದಂತೆ ಕಾರಕೂನ ಬರೆಯುವುದು ಬಿಟ್ಟು ತಲೆಯೆತ್ತಿ ನೋಡಿದ. ಮೇಜಿನ ಮೇಲೆ ಅದೇ ಬಂದೂಕು ತಂದಿಟ್ಟರು. ಅವಳು ಎತ್ತಿಕೊಂಡಳು. ನಳಿಗೆಯ ಬಾಯಿ ಗೋಡೆಯ ಕಡೆ ತಿರುಗಿಸಿದಳು, ಗಜ ಇಳಿಸಿದಳು. ತಳಕ್ಕೆ ತಾಗಿ ಠಣ್ ಎಂದಿತು. “ಖಾಲಿ ಐತ್ರಿ. ಆದ್ರೂ ತುಂಬೇತಿ ಅಂತs ತಿಳಕೋಬೇಕ್ರಿ.”

“ಇಷ್ಟು ಚೆನ್ನಾಗಿ ಯಾರೂ ಹೇಳಲಿಲ್ಲಮ್ಮ” ಎಂದ ಸಾಹೇಬ. ಆಮೇಲೆ ಮಾಸ್ತರರು ಹೇಳಿದ ಮಾತೇ ಬಂತು. “ನಿಮ್ಮ ಯಜಮಾನರು ಇದೇ ಬಂದೂಕಿನಿಂದ ಹೋದವರು. ಅವರು ಮಾಡಿದ ತಪ್ಪು ಏನು ಅಂತ ನಿಮಗೆ ತಿಳಿದಿದ್ದರೆ ಮಾತ್ರ ಇದನ್ನ ನಿಮ್ಮ ಕೈಗೆ ಕೊಡ್ತೀನಿ. ಹೇಳಿ.”

ಬಾಳವ್ವ ನೆಲ ನೋಡಿದಳು. ನಾನು ತುಂಬಿದೆ ಅಂದರೆ ಏನಾಗುತ್ತದೆ ಎಂದು ಅವಳು ಹಲವು ತಿಂಗಳು ಯೋಚಿಸಿದ್ದಳು. ಬಂದೂಕು ಹೋಗುತ್ತದೆ, ಹಿಂಡು ಹೋಗುತ್ತದೆ, ಪೊಲೀಸರು ಮುದುಕಿಯನ್ನೂ ಎಳೆದೊಯ್ಯಬಹುದು.

“ಮನೆಯೊಳಗೆ ಬಂದೂಕು ತುಂಬಿಟ್ಟು, ತುಂಬಿದ್ದನ್ನು ಮರೆತರು” ಎಂದಳು. ಮಾಸ್ತರರು ಕಲಿಸಿದ ಹಾಗೇ, ಸಾಲಿಯ ಕನ್ನಡದಲ್ಲಿ.

“ಯಾರು?” ಕಾರಕೂನ ಲೆಕ್ಕಣಿಕೆ ಅದ್ದಿ ಕೇಳಿದ.

“ನಮ್ಮ ಮನಿಯವರ್ರಿ.”

“ಹೆಸರ ಹೇಳ್ರಿ. ಹೆಸರಿಲ್ಲದ ಕಾಗದ ಆಗೂದಿಲ್ಲ.”

ಹನ್ನೊಂದು ವರ್ಷ ಸಂಸಾರ ಮಾಡಿದರೂ ಬಾಳವ್ವ ಗಂಡನ ಹೆಸರನ್ನು ಒಮ್ಮೆಯೂ ಬಾಯಿಂದ ಆಡಿರಲಿಲ್ಲ. ಗಂಡ ಹೋದ ಮೇಲೂ ಆಡಿರಲಿಲ್ಲ. ಆ ಸೀಮೆಯ ಯಾವ ಹೆಂಗಸೂ ಆಡುವುದಿಲ್ಲ. ಕಚೇರಿಗಳಲ್ಲಿ ಪಕ್ಕದಲ್ಲಿದ್ದವರು ಹೇಳುತ್ತಾರೆ. ಕಾರಕೂನನಿಗೂ ಇದು ಗೊತ್ತಿತ್ತು. ಅವನು ಬಾಗಿಲ ಕಡೆ ನೋಡಿದ. “ಆಯಿ, ನಿಮ್ಮ ಮಗ ಅಲ್ಲೇನ್ರಿ? ನೀವರ ಹೇಳ್ರಿ, ಬರಕೋತೇನಿ.”

ಕಾಶೆವ್ವ ಮುಖವನ್ನು ಗೋಡೆಗೆ ತಿರುಗಿಸಿದಳು. ಕಲ್ಲಪ್ಪ ಬಾಯಿ ತೆರೆಯುವವನಿದ್ದ. ಅಷ್ಟರಲ್ಲಿ ಬಾಳವ್ವನೇ ಹೇಳಿದಳು.

“ಬೀರಸಿದ್ದಪ್ಪ.”

ಕಾರಕೂನ ಬರೆದುಕೊಂಡ. ಅವಳು ಹೆಬ್ಬೆಟ್ಟು ಒತ್ತಿದಳು. ಸಾಹೇಬ, ಹತ್ತೂರಿನ ಗಂಡಸರಿಗೆ ಈ ಹೆಣ್ಣುಮಗಳು ಪಾಠ ಎಂದು ಹೊಗಳಿ ಸಹಿ ಮಾಡಿದ.

ಮರಳಿ ಬರುವಾಗ ಬಸ್ಸಿನಲ್ಲಿ ಇಬ್ಬರ ತೊಡೆಯ ಮೇಲೂ ಅಡ್ಡಲಾಗಿ ಬಂದೂಕು ಇತ್ತು, ಕಂಬಳಿಯಲ್ಲಿ ಸುತ್ತಿ. ಬಸ್ಸು ಮಮದಾಪುರ ದಾಟಿತು.

“ಅವನ ಹೆಸರ ಹಿಡದಿ” ಅಂದಳು ಕಾಶೆವ್ವ.

“ಹೂಂನ್ರಿ.”

“ಬ್ಯಾರೆ ಯಾವ ಮಾತಿಗರ ಹಿಡೀಬೇಕಿತ್ತವಾ.”

ಬಾಳವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಊರು ಬರುವವರೆಗೆ ಅತ್ತಳು.

ಬಂದೂಕು ಬಂದದ್ದರಿಂದ ಹಿಂಡು ಉಳಿಯಿತು. ಒಂದು ಮಸುಕು ಮುಂಜಾನೆ ತೋಳ ಬೇಲಿಯವರೆಗೆ ಬಂದಾಗ ಅವಳು ಆಕಾಶಕ್ಕೆ ಹಾರಿಸಿದಳು; ಅದು ಮತ್ತೆ ಆ ಕಡೆ ಸುಳಿಯಲಿಲ್ಲ. ಕಲ್ಲಪ್ಪ ಹಿಂಡಿನ ಮಾತು ಎತ್ತಲಿಲ್ಲ, ಅಷ್ಟರ ಮಟ್ಟಿಗೆ ಗೆದ್ದಳು. ಆದರೆ ಕಚೇರಿಯಲ್ಲಿ ಕೇಳಿದ್ದನ್ನು ಅವನು ಚಾವಡಿಯಲ್ಲಿ ಹೇಳದೆ ಬಿಡುತ್ತಾನೆಯೇ? “ಎಂಥಾ ಹೆಣ್ಣಮಗಳರಿ! ಗಂಡನ ಹೆಸರ ಹಿಡದ, ಅವಂದs ತಪ್ಪ ಅಂತ ಸಾಹೇಬನ ಮುಂದ ಹೇಳಿದಳು.” ಹೊಗಳಿಕೆಯಿಂದಲೇ ಹೇಳಿದ. ಊರು ತಾನು ಆಡುತ್ತಿದ್ದ ಮಾತಿಗೆ ಹೆಂಡತಿಯ ಸಾಕ್ಷಿಯೂ ಸಿಕ್ಕಿತೆಂದು ಇನ್ನಷ್ಟು ಸಲೀಸಾಗಿ ಆಡಿತು.

ಖಂಡೇಪೂಜೆ ಮತ್ತೆ ಬಂತು. ಬಾಳವ್ವ ಬಂದೂಕು ಖಾಲಿ ಮಲಗಿಸಿದಳು. ಕಾಶೆವ್ವನಿಗೆ ಆಗ ಪೂರ್ತಿ ಕಣ್ಣು ಹೋಗಿತ್ತು. “ಗಜಾ ಇಳಸ ನೋಡೂಣು” ಎಂದಳು. ಠಣ್ ಎಂದಿತು. “ಮತ್ತೊಮ್ಮೆ.” ಠಣ್ ಎಂದಿತು. ಅಷ್ಟರಲ್ಲಿ ಓಣಿಯ ಹೆಂಗಸರು ಆರತಿ ಹಿಡಿದು ಒಳಗೆ ಬಂದರು. ಮುಂದೆ ಶೆಟ್ಟೆವ್ವ.

“ಬರೂಬರಿ ನೋಡ್ರೇ. ಮತ್ತ ಬೀರಸಿದ್ದಪ್ಪನ ಕೆಲಸಾ ಮಾಡೀರಿ!” ಎಂದವಳು, ಯಾರ ಮನೆಯಲ್ಲಿ ನಿಂತಿದ್ದೇನೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡಳು.

ಕಾಶೆವ್ವ ಗೋಡೆ ಹಿಡಿದು ಎದ್ದು ನಿಂತಳು. “ಏ ಶೆಟ್ಟೆವ್ವಾ, ಎಲ್ಲಾರೂ ಕೇಳ್ರಿ. ನನ್ನ ಮಗಾ ಮರ್ತಿಲ್ಲ. ಅಂವ ಖಾಲೀನs ಇಟ್ಟಿದ್ದ. ಅಂವ ಜಳಕಕ್ಕ ಹೋದಾಗ ನಾ ಹೇಳಿ ತುಂಬಿಸೇನಿ. ಇಕಿ ತುಂಬ್ಯಾಳ. ಕೇಪ ಸೈತ ನಾನs ಇಡಿಸೇನಿ. ಅವಗ ಗೊತ್ತs ಇದ್ದಿಲ್ಲ.”

ಆರತಿಯ ದೀಪ ಮಾತ್ರ ಅಲುಗುತ್ತಿತ್ತು. ಆಮೇಲೆ ಶೆಟ್ಟೆವ್ವ ತಟ್ಟೆ ಕೆಳಗಿಟ್ಟು ಮುದುಕಿಯ ಭುಜ ಹಿಡಿದು ಕೂಡಿಸಿದಳು. ಅವಳ ಕಣ್ಣಲ್ಲಿ ನೀರಿತ್ತು. “ಕುಂದರ್ರಿ ಯಕ್ಕಾ. ಹೆತ್ತ ಹೊಟ್ಟಿ. ಮಗನ ಮ್ಯಾಲಿನ ಮಾತ ತನ್ನ ಮ್ಯಾಲೆ ಹಾಕ್ಕೊಳ್ಳಾಕತ್ತಾಳ.”

“ಅತ್ತಿ ಖರೇನs ಹೇಳತಾಳ” ಎಂದಳು ಬಾಳವ್ವ. “ತುಂಬಿದಾಕಿ ನಾನ.”

ಹೆಂಗಸರು ಅವಳ ಕಡೆ ನೋಡಿದರು. ಯಾರ ಮುಖದಲ್ಲೂ ಸಿಟ್ಟಿರಲಿಲ್ಲ, ಇದ್ದದ್ದು ಮರುಕ. “ಸುಮ್ಮನಿರ ತಂಗಿ” ಎಂದಳು ಶೆಟ್ಟೆವ್ವ. “ಮುದುಕೀ ಸಮಾಧಾನಕ್ಕ ನೀನೂ ಹೂಂ ಅಂತೀ. ಸರಕಾರದ ಮುಂದ ಗಂಡನ ಹೆಸರ ಹಿಡದ ಹೇಳಿ ಬಂದಾಕಿ ನೀನs ಅಲ್ಲೇನ? ಗಂಡನ ಹೆಸರ ಹಿಡದ ಯಾವಾಕಿ ಸುಳ್ಳ ಹೇಳತಾಳ?”

ಹೆಂಗಸರು ಆರತಿ ಬೆಳಗಿ ಹೋದರು.

ಆಮೇಲೂ ಅವಳು ಬಿಡಲಿಲ್ಲ. ಬಾವಿಯ ಹತ್ತಿರ, ಸಂತೆಯಲ್ಲಿ, ಯಾರ ಬಾಯಲ್ಲಿ ಆ ಮಾತು ಬಂದರೂ “ಅವರಲ್ಲ, ನಾನ” ಎನ್ನುತ್ತಿದ್ದಳು. ಕೇಳಿದವರು ಪಾಪ ಎನ್ನುತ್ತಿದ್ದರು. ಎಂಥ ಗಂಡನ ಮೇಲೆ ಎಂಥ ಪ್ರೀತಿ ಎಂದು ಕೆಲವರು ಕಣ್ಣೊರೆಸಿಕೊಂಡದ್ದೂ ಉಂಟು. ಮನೆಯಲ್ಲಿ ಮುದುಕಿ ದಿನವೂ ಗಜ ಇಳಿಸಿ ನೋಡಿಸುತ್ತಿದ್ದಳು. ಮತ್ತೊಮ್ಮೆ, ಮತ್ತೊಮ್ಮೆ. ಆ ಠಣ್ ಎಂಬ ಸಪ್ಪಳ ಕೇಳಿದರೆ ಮಾತ್ರ ಅವಳಿಗೆ ತುತ್ತು ಇಳಿಯುತ್ತಿತ್ತು. ಐದಾರು ವರ್ಷ ಹೀಗೆ ನಡೆಯಿತು.

ಅರವತ್ತನಾಲ್ಕರ ಬೇಸಿಗೆಯಲ್ಲಿ ಕಾಶೆವ್ವ ತೀರಿಕೊಂಡಳು. ಹಟ್ಟಿಯ ಆಚೆ, ಮಗನ ಗುಂಡಿಯ ಬಾಜೂಕ್ಕೇ ಅವಳಿಗೂ ಗುಂಡಿ ತೋಡಿದರು. ಹೆಣ ಇಳಿಸಿ ಕೂಡಿಸಿದ ಮೇಲೆ ಮಣ್ಣು ಎಳೆಯುವ ಮುನ್ನ ಉಪ್ಪು ಹಾಕಬೇಕು. ಬಾಳವ್ವನ ಮನೆಯಿಂದ ಉಪ್ಪಿನ ಪುಟ್ಟಿ ತರುವೆನೆಂದು ಒಪ್ಪಿಕೊಂಡವನು ಕಲ್ಲಪ್ಪ. ಎಲ್ಲರೂ ಅವನ ಕೈ ನೋಡಿದರು, ಕೈ ಖಾಲಿ ಇತ್ತು.

“ಏ ಇವನs! ಉಪ್ಪ ಮನ್ಯಾಗ ಬಿಟ್ಟ ಬಂದೆನೋ. ಬೀರಸಿದ್ದಪ್ಪನ ಕೆಲಸಾ ಆತು” ಎಂದು ಕಲ್ಲಪ್ಪ ತನ್ನ ಹಣೆ ತಾನೇ ಬಡಿದುಕೊಂಡ.

ಬಾಳವ್ವ ಗುಂಡಿಯ ತುದಿಯಲ್ಲಿ ನಿಂತಿದ್ದಳು. ಅವಳ ತುಟಿ ತೆರೆಯಿತು. ಕೆಳಗೆ ನೋಡಿದಳು; ಅವಳ ಮಾತಿಗೆ ಹೌದು ಅನ್ನುವ ಒಂದೇ ಬಾಯಿ ಅಲ್ಲಿ ಕಂಬಳಿ ಹೊದ್ದು ಕೂತಿತ್ತು. ಜನ ಕಾಯುತ್ತಿದ್ದರು, ಬಿಸಿಲು ಏರುತ್ತಿತ್ತು.

“ಉಪ್ಪ ಒಲಿ ಬಾಜೂಕ ಐತಿ” ಎಂದಳು. “ನಾ ತರತೇನಿ, ತಡೀರಿ.”